ಕೆಟ್ಟ ಮಣ್ಣು

ಬಹ್ಲಾದ ಮಣ್ಣಿಗೆ ನೀರು ಕುಡಿಯಲು ಬಾರದು.
ಬಕೆಟ್ಟು ಸುರಿದರೆ ಹಿತ್ತಲಲ್ಲೇ ನಿಂತು
ಸಂಜೆತನಕ ಆಕಾಶ ನೋಡಿಕೊಂಡಿರುತ್ತದೆ ನೀರು,
ವೀಸಾದ ಕಿಟಕಿಯೆದುರು ಕೂತವರ ಹಾಗೆ.
ಒಣಗಿತೋ, ಒಡೆದ ಹಿಮ್ಮಡಿ.
ಆ ಬಿರುಕಿಗೆ ಒಮ್ಮೆ ಬೀಗದಕೈ ಬಿದ್ದು
ಆಸ್ಪತ್ರೆಯ ಇಕ್ಕಳ ತಂದು ತೆಗೆದೆ.

ಬಸಳೆ, ನಾಲ್ಕು ಗೆಣ್ಣು,
ಕಾರ್ಕಳದಿಂದ ಒದ್ದೆ ಕಾಗದದಲ್ಲಿ ಸುತ್ತಿ
ಸೀರೆಗಳ ನಡುವೆ ಮಲಗಿಸಿ
ಮಸ್ಕತ್ತು ದಾಟಿಸಿದ್ದು (ಆ ಪಾಪ ನನಗಿರಲಿ).
ಮೂರು ನೆಟ್ಟೆ. ಹನ್ನೊಂದೇ ದಿನ.
ಕಿತ್ತರೆ ಬುಡ ಕಪ್ಪಗೆ, ಕೊಳೆತ ವಾಸನೆ.
ಈ ಬಿಸಿಲಲ್ಲೂ ಸತ್ತದ್ದು ಬಾಯಾರಿ ಅಲ್ಲ,
ಉಸಿರು ಕಟ್ಟಿ.
ನಾಲ್ಕನೆಯದನ್ನು ಕಿಟಕಿಯ ಲೋಟದಲ್ಲಿ ನಿಲ್ಲಿಸಿದೆ.

ನಾನು ಲ್ಯಾಬಿನವಳು.
ರಕ್ತವನ್ನು ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿ
ಗಂಟೆಗೆಷ್ಟು ಇಳಿಯಿತೆಂದು ಬರೆಯುವುದು ನನ್ನ ಕೆಲಸ.
ಮಣ್ಣನ್ನೂ ನಿಲ್ಲಿಸಿದೆ,
ಉಪ್ಪಿನಕಾಯಿ ಬಾಟಲಿಯಲ್ಲಿ, ನೀರು ಹಾಕಿ ಕುಲುಕಿ.
ನಾನು ಚಾ ಸೋಸುವಷ್ಟರಲ್ಲಿ ಇಳಿಯಿತು ಮರಳು,
ಉಗುರಿನಷ್ಟು.
ಮಿಕ್ಕದ್ದು ಎರಡು ದಿನ ಕದಡಿಕೊಂಡೇ ಇತ್ತು,
ಮುನಿಸು ಬಿಡದ ನಾದಿನಿ.
ವರದಿ ಬರೆದೆ: ಜೇಡಿ.

ಮರಳು ಬೆರೆಸಿ ಸಿಸ್ಟರ್, ಎಂದ ಆಂಬುಲೆನ್ಸಿನ ಹಂಝತ್,
ಈ ದೇಶದಲ್ಲಿ ಅದಕ್ಕೇನು ಬರವೇ?
ಬೆರೆಸಿದೆ. ಗಾರೆಯಾಯಿತು.
ಸಲಿಕೆ ಬಡಿದರೆ ಟಣ್ ಅನ್ನುವ ಹಿತ್ತಲು.

ಗೋಡೆಯಾಚೆ ಖಲ್ಫಾನ್, ಕುಂಬಾರ.
ಸುಬಹಿನ ನಮಾಜು ಮುಗಿಸಿ ಬಂದು ತುಳಿಯುತ್ತಾನೆ
ಇದೇ ಮಣ್ಣು.
ಗಾಳಿಯ ಒಂದು ಗುಳ್ಳೆ ಉಳಿದರೂ
ಆವಿಗೆಯಲ್ಲಿ ಗಡಿಗೆ ಸಿಡಿಯುತ್ತದಂತೆ.
ನನಗೆ ಆ ಗುಳ್ಳೆಯೇ ಬೇಕು.
ಅವನು ಹೆಕ್ಕಿ ಎಸೆದ ಕಸಕಡ್ಡಿ
ಹೆಕ್ಕಿ ತಂದು ಒಳಗೆ ತುರುಕುತ್ತೇನೆ.
“ಡಾಕ್ತೋರಾ,” ಅನ್ನುತ್ತಾನೆ
(ಅಲ್ಲ ಎಂದು ಹೇಳಿ ಹೇಳಿ ಸೋತೆ),
“ಒಳ್ಳೆ ಮಣ್ಣನ್ನು ಯಾಕೆ ಕೆಡಿಸುತ್ತೀ?”

ಕೆಡಿಸಿದೆ, ಎರಡು ಚಳಿಗಾಲ.
ಆಡಿನ ಸಂತೆ ಮುಗಿದ ಮೇಲೆ ಗುಡಿಸಿ ತಂದ ಹಿಕ್ಕೆ,
ಕೊಚ್ಚಿ ಕೊಚ್ಚಿ ಅಂಗೈ ಬೊಬ್ಬೆಯೆದ್ದ ಖರ್ಜೂರದ ಗರಿ,
ಮಾರಿಸೆಲ್ ವಾರ್ಡಿನಿಂದ ಕೂಡಿಟ್ಟು ಕೊಟ್ಟ
ಏಲಕ್ಕಿ ವಾಸನೆಯ ಕಾಫಿ ಚರಟ,
ಜಿಪ್ಸಂ ಅರ್ಧ ಚೀಲ.
ಅದೊಂದು ಕಲಿತೆ:
ಜೇಡಿ ಒದ್ದೆಯಿದ್ದಾಗ ಮುಟ್ಟಬಾರದು,
ಒಣಗಿದ ಮೇಲೆ ಮುಟ್ಟಿ ಪ್ರಯೋಜನವಿಲ್ಲ.
ನಡುವೆ ಎಲ್ಲೋ ಒಂದು ಬೆಳಿಗ್ಗೆ ಸಿಗುತ್ತದೆ,
ಉಂಡೆ ಕಟ್ಟಿ ಹೆಬ್ಬೆರಳೊತ್ತಿದರೆ ಬಿರಿಯುವ ಬೆಳಿಗ್ಗೆ.
ಅವತ್ತು ರಜೆ ಹಾಕಿದೆ.
ಕಾರಣ: ಹೊಟ್ಟೆನೋವು.

ಮೊನ್ನೆ ಫಲಜಿನ ಸರದಿ, ನಮ್ಮ ಪಾಲಿಗೆ ಅರ್ಧ ಗಂಟೆ.
ನೀರು ಬಂತು. ನಿಲ್ಲಲಿಲ್ಲ.
ಎಲ್ಲಿ ಸೋರಿತೆಂದು ಗೋಡೆಯುದ್ದಕ್ಕೂ ಟಾರ್ಚು ಬಿಟ್ಟು ಹುಡುಕಿದೆ ಪೆದ್ದಿ.
ಎಲ್ಲೂ ಸೋರಿರಲಿಲ್ಲ.
ಬಸಳೆಯ ಬುಡದಲ್ಲಿ ಒಂದು ಎರೆಹುಳ,
ನಾನು ತಂದದ್ದಲ್ಲ,
ಅದಕ್ಕೆ ಯಾರು ವಿಳಾಸ ಕೊಟ್ಟರೋ.

ಖಲ್ಫಾನ್ ಬಂದು ಕುಕ್ಕರುಗಾಲಲ್ಲಿ ಕೂತ.
ಒಂದು ಹಿಡಿ ತೆಗೆದು ಹಿಸುಕಿದ.
ಐವತ್ತು ವರ್ಷ ಆ ಮುಷ್ಟಿ ಹೇಳಿದ್ದು ಕೇಳಿದ ಮಣ್ಣು
ಬೆರಳ ಸಂದಿಯಿಂದ ಅವಲಕ್ಕಿಯಂತೆ ಉದುರಿತು.
ಮತ್ತೊಮ್ಮೆ ಹಿಸುಕಿದ. ಮೂಸಿದ.
“ಖರ್ಬಾನ್,” ಅಂದ, “ಕೆಟ್ಟೇಹೋಯ್ತು.
ಗಡಿಗೆಗಾಗದು, ಸಾಂಬ್ರಾಣಿ ಬಟ್ಟಲಿಗೂ ಆಗದು.”
ಎದ್ದು ಹೊರಟವನು ಬಳ್ಳಿಯ ಬಳಿ ನಿಂತು
ಒಂದೆಲೆ ಮುರಿದು ಬಾಯಿಗಿಟ್ಟ,
ಲೋಳೆಗೆ ಮುಖ ಸಿಂಡರಿಸಿದ,
ಆದರೂ ನುಂಗಿದ.

ಸಂಜೆ ಅವನ ಮೊಮ್ಮಗ ತಂದಿಟ್ಟ ಗಡಿಗೆ
ಆವಿಗೆಯಲ್ಲಿ ಸೀಳಿದ್ದು. ಗುಳ್ಳೆಯ ಕೆಲಸ.
ನೀರು ನಿಲ್ಲುವುದಿಲ್ಲವಂತೆ, ಮಾರಲಾಗದಂತೆ,
ನಿನ್ನ ಮಣ್ಣಿಗೆ ಸರಿಜೋಡಿ ಅಂದನಂತೆ ಅಜ್ಜ.
ಬಸಳೆಯ ಪಕ್ಕ ಕುತ್ತಿಗೆಮಟ್ಟ ಹೂತು
ಕಂಠದವರೆಗೆ ತುಂಬಿಸಿ ಮಲಗಿದೆ.

ಬೆಳಿಗ್ಗೆ ಎದ್ದು ಅಳೆದೆ:
ನಾಲ್ಕು ಬೆರಳು ಇಳಿದಿತ್ತು.
ತಾರೀಕು ಹಾಕಿ
ಗೋಡೆಯ ಮೇಲೆ ಪೆನ್ಸಿಲಲ್ಲಿ ಬರೆದೆ.